ಕಪ್ಪತಗುಡ್ಡದ ಹುಳಗಳನ್ನೂ ಯಾರಾದರೂ ಓದಲಿ

ಬೆಟ್ಟದ ಜೀರುಂಡೆಗಳ ಮೇಲಿನ ಪಿಎಚ್‌ಡಿ ಸಂಶೋಧನೆಯ ಲೇಖನ ಓದಿ ತುಂಬಾ ಖುಷಿಯಾಯಿತು. ಅದರಲ್ಲಿ ರೆಕ್ಕೆ ವಿಚಾರ ಇನ್ನೂ ಜಾಸ್ತಿ ಬರೆಯಬೇಕಿತ್ತು. ಜೀರುಂಡೆಯ ಮುಂದಿನ ಜೋಡಿ ರೆಕ್ಕೆ ಗಟ್ಟಿ ಚಿಪ್ಪು. ಹಾರುವುದು ಅದರಡಿ ಮಡಚಿಟ್ಟ ತೆಳು ರೆಕ್ಕೆಯಿಂದ. ಎತ್ತರದ ಬೆಟ್ಟಗಳ ಎಷ್ಟೋ ಜಾತಿಗಳಲ್ಲಿ ಆ ತೆಳು ರೆಕ್ಕೆ ಮೋಟಾಗಿಬಿಟ್ಟಿದೆ. ಹಾರಲಾಗದ ಹುಳ ಕಣಿವೆ ದಾಟುವುದು ಹೇಗೆ? ಹಾಗಾಗಿ ಒಂದೊಂದು ತುದಿಯಲ್ಲಿ ಉಳಿದದ್ದು ನಿಧಾನಕ್ಕೆ ಬೇರೆಯದೇ ಜಾತಿಯಾಗುತ್ತದೆ. ಆ ತುದಿ ಹಾಳಾದರೆ ಜಾತಿಯೇ ಹೋಯಿತು.

ನಾನು ಗದಗ ಜಿಲ್ಲೆಯ ಮುಂಡರಗಿ ಕಡೆಯವನು. ನಮ್ಮ ಕಪ್ಪತಗುಡ್ಡ ಅಷ್ಟು ಎತ್ತರವಲ್ಲ, ನಿಜ. ಆದರೆ ಮಳೆ ಬಿದ್ದ ಮೇಲೆ ಡೋಣಿ ಊರಿನ ಕಡೆ ಬಂದು ನೋಡಿ. ಸಗಣಿ ಹುಳ (ಅದೂ ಒಂದು ಜೀರುಂಡೆಯೇ) ತಲೆ ಕೆಳಗೆ ಮಾಡಿ, ಹಿಂಗಾಲಲ್ಲಿ ಉಂಡೆ ತಳ್ಳುತ್ತಿರುತ್ತದೆ. ಕಲ್ಲು ಅಡ್ಡ ಬಂದರೂ ಬಿಡುವುದಿಲ್ಲ, ಸುತ್ತು ಹಾಕಿ ಹೋಗುತ್ತದೆ. ಮಣ್ಣಿಗೆ ಗೊಬ್ಬರ ಸೇರಿಸುವ ಕೆಲಸ ಅದರದ್ದೇ ಅಲ್ವಾ?

2019ರಲ್ಲಿ ಗುಡ್ಡ ವನ್ಯಧಾಮವಾಯಿತು. ಔಷಧಿ ಗಿಡಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಹುಳಗಳನ್ನೂ ಕೇಳಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ಓದುವವರು ಇಲ್ಲಿಗೆ ಬರಲಿ. ನೆಲಮಟ್ಟಕ್ಕೆ ಲೋಟ ಹೂತಿಟ್ಟು ಹುಳ ಹಿಡಿಯುವುದಕ್ಕೆ ದೊಡ್ಡ ಖರ್ಚೇನಿಲ್ಲ. ಅರಣ್ಯ ಇಲಾಖೆಯ ಅನುಮತಿ ತಗೊಂಡು ಬುಡದಿಂದ ತುದಿವರೆಗೂ ಇಡಲಿ. ಬೆಂಕಿ ಬಿದ್ದ ಜಾಗದಲ್ಲೂ ಇಡಲಿ, ಬೀಳದ ಜಾಗದಲ್ಲೂ ಇಡಲಿ. ದಾರಿ ತೋರಿಸಲು ನಾವಿದ್ದೇವೆ.