ದಿನಕ್ಕೆ 51 ರೂಪಾಯಿ

ನನ್ನ ಫೋನು ಮಧ್ಯಾಹ್ನ ಮೂರಕ್ಕೆಲ್ಲ ಮಲಗಿಬಿಡುತ್ತಿತ್ತು. ಬೆಳಗ್ಗೆ ಹೊಟ್ಟೆ ತುಂಬ ಚಾರ್ಜ್ ಮಾಡಿಕೊಂಡು ಹೊರಟರೂ ಅಷ್ಟೇ. ಹೊಸದು ನೋಡೋಣ ಅಂತ ಅಂಗಡಿಗೆ ಹೋದೆ. ಸುಮ್ನೆ ಒಂದು ಸಾಧಾರಣ ಫೋನು ನೋಡಿ ಬರಬೇಕಿತ್ತು. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್24 ಅಲ್ಟ್ರಾ ಕೈಗೆತ್ತಿಕೊಂಡೆ, ಅಲ್ಲೇ ಎಡವಟ್ಟಾಯಿತು.

2024ರ ಜನವರಿಯಲ್ಲಿ ಅದು ಬಂದಾಗ ಇಲ್ಲಿ ಬೆಲೆ 1,29,999 ರೂಪಾಯಿ. ಆ ಒಂದು ರೂಪಾಯಿ ಪಾಪ ಯಾಕೆ ಬಿಟ್ಟರೋ. ಕೊಟ್ಟಿಗೆಯ ಹಸುವಿನ ಹಾಗೆ ಅದನ್ನು ಮೇಜಿಗೆ ಕಟ್ಟಿ ಹಾಕಿದ್ದರು. ಅಂಗಡಿಯ ಹುಡುಗ ಕ್ಯಾಮೆರಾ ತೆರೆದು ರಸ್ತೆಯಾಚೆಯ ದರ್ಶಿನಿಯತ್ತ ತಿರುಗಿಸಿ ಜೂಮ್ ಎಳೆಯುತ್ತಾ ಹೋದ. 'ಸೆಟ್ ದೋಸೆ ಖಾಲಿ' ಅಂತ ಸೀಮೆಸುಣ್ಣದಲ್ಲಿ ಬರೆದದ್ದು ಇಲ್ಲಿಂದಲೇ ಕಂಡಿತು. ರಸ್ತೆ ದಾಟುವ ಕೆಲಸ ಉಳಿಯಿತು, ಅಲ್ವಾ?

"200 ಮೆಗಾಪಿಕ್ಸೆಲ್ ಸಾರ್" ಅಂದ. ಇರಬಹುದು. ಆದರೆ ನಾವಾಗಿ ಸೆಟ್ಟಿಂಗ್ ಬದಲಿಸದಿದ್ದರೆ ಅದು 16 ಪಿಕ್ಸೆಲ್‌ಗಳನ್ನು ಸೇರಿಸಿ ಒಂದು ಮಾಡಿ, 12 ಮೆಗಾಪಿಕ್ಸೆಲ್ ಫೋಟೊ ಕೊಡುತ್ತದೆ. ಅದನ್ನು ನಾನು ಮನೆಯವರ ಗುಂಪಿಗೆ ಕಳಿಸುತ್ತೇನೆ. ವಾಟ್ಸ್ಆ್ಯಪ್ ಇನ್ನಷ್ಟು ಹಿಂಡುತ್ತದೆ. ಕೊನೆಗೆ ಚಿಕ್ಕಮ್ಮ ತನ್ನ ಒಡೆದ ಸ್ಕ್ರೀನಿನಲ್ಲಿ ನೋಡಿ "ದಪ್ಪ ಆಗಿದ್ದೀಯ" ಅಂತ ಬರೆಯುತ್ತಾಳೆ. ಅಷ್ಟು ಹೇಳೋದಕ್ಕೆ ಅವಳಿಗೆ ಈಗಿನ ಫೋಟೊನೇ ಸಾಕು.

ಸುತ್ತಲಿನ ಚೌಕಟ್ಟು ಟೈಟಾನಿಯಂ. ಅದಕ್ಕೆ ಮೊದಲ ದಿನವೇ ಇನ್ನೂರು ರೂಪಾಯಿಯ ರಬ್ಬರ್ ಕವರ್. ಟಿವಿ ರಿಮೋಟಿಗೂ ಪ್ಲಾಸ್ಟಿಕ್ ಸುತ್ತುವ ಮನೆ ನಮ್ಮದು.

ಹಾಗಿದ್ದರೂ ಆಸೆ ಹೋಗಲಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ನೋ ಕಾಸ್ಟ್ ಇಎಂಐ, ಅಂದರೆ ಬಡ್ಡಿಯಿಲ್ಲದ ಕಂತು, ವಿಚಾರಿಸಿದೆ. ಬಡ್ಡಿಯನ್ನು ರಿಯಾಯಿತಿ ಅಂತ ಮೊದಲೇ ಕಳೆದಿರುತ್ತಾರೆ, ಆದರೆ ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ ಮಾತ್ರ ನಮ್ಮ ತಲೆಗೆ. ಇಲ್ಲದ ಬಡ್ಡಿಗೆ ಇರುವ ತೆರಿಗೆ.

ಆಮೇಲೆ ನನ್ನ ಬ್ರಹ್ಮಾಸ್ತ್ರ. ಈ ಫೋನಿಗೆ 7 ವರ್ಷ ಅಪ್‌ಡೇಟ್ ಕೊಡುತ್ತೇವೆ ಅಂದಿದ್ದಾರೆ. ಸಾಡೇಸಾತಿಗಿಂತ ಆರೇ ತಿಂಗಳು ಕಡಿಮೆ. ಬೆಲೆಯನ್ನು ದಿನಕ್ಕೆ ಹಂಚಿದರೆ ಸುಮಾರು 51 ರೂಪಾಯಿ. ಎರಡು ಕಾಫಿ ಬಿಟ್ಟರೆ ಆಯ್ತು. ಇದನ್ನು ಹೆಂಡತಿಗೆ ವಿವರಿಸಿದೆ. ಹುರುಳಿಕಾಯಿ ನಾರು ತೆಗೆಯುತ್ತಾ ಪೂರ್ತಿ ಕೇಳಿದಳು.

"ಅಷ್ಟೇ ದುಡ್ಡಿಗೆ ಬಳೆ ತಗೊಂಡ್ರೆ 50 ವರ್ಷ ಬರುತ್ತೆ. ದಿನಕ್ಕೆ ಎಷ್ಟಾಯ್ತು, ಹಾಕಿ ನೋಡಿ."

ಹಾಕಿ ನೋಡಿದೆ. ಏಳು ರೂಪಾಯಿ ಚಿಲ್ಲರೆ. ಲೆಕ್ಕ ತೆಗೆದದ್ದು ನಾನೇ, ಜಗಳ ಆಡೋದು ಯಾರ ಹತ್ರ?

ಶನಿವಾರ ಹಳೇ ಫೋನು ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಒಬ್ಬ ಹುಡುಗ ಫೋನಿನ ಬೆನ್ನಿಗೆ ಬಿಸಿಗಾಳಿ ಹಿಡಿದು, ತೆಳ್ಳನೆಯ ಪ್ಲಾಸ್ಟಿಕ್ ತುಂಡು ತೂರಿಸಿ, ಗೋಂದು ಬಿಡಿಸಿ ತೆರೆದ. ಹಳೇ ಬ್ಯಾಟರಿ ಪೂರಿಯ ಹಾಗೆ ಉಬ್ಬಿತ್ತು. "ಇದನ್ನ ಜೇಬಲ್ಲಿ ಇಟ್ಕೊಂಡು ಓಡಾಡ್ತಿದ್ರಾ ಸಾರ್?" ಅಂತ ಕೇಳಿ ನನ್ನನ್ನೊಮ್ಮೆ, ಬ್ಯಾಟರಿಯನ್ನೊಮ್ಮೆ ನೋಡಿದ. ಹೊಸದು ಹಾಕಿ 1,800 ತಗೊಂಡ. ಈಗ ರಾತ್ರಿ ಹತ್ತಾದರೂ ಫೋನಿಗೆ ಜೀವ ಇರುತ್ತದೆ.

ಮೊನ್ನೆ ಹುಣ್ಣಿಮೆ. ಟೆರೇಸಿನಲ್ಲಿ ನಿಂತು ತೆಂಗಿನ ಗರಿಗಳ ನಡುವೆ ಚಂದ್ರನ ಫೋಟೊ ತೆಗೆದೆ. ಕೆಳಗೆ ಬಂದು ತೋರಿಸಿದರೆ ಹೆಂಡತಿ ಕನ್ನಡಕ ಸರಿಮಾಡಿಕೊಂಡು, "ಬೀದಿ ದೀಪದ ಫೋಟೊ ಯಾಕೆ ತೆಗೆದ್ರಿ?" ಅಂದಳು.

51 ರೂಪಾಯಿ ಅಂಥಾ ಜಾಸ್ತಿಯೇನಲ್ಲ.