ಸ್ವಿಚ್ ಆನ್ ಆದ ಕಿವಿಯನ್ನು ಚಪ್ಪಾಳೆ ತಟ್ಟಿ ಪರೀಕ್ಷಿಸಬೇಡಿ

ನಮ್ಮ ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಯಾರಿಗಾದರೂ ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳದವರ ಒಳಗಿವಿಗೆ ಮಷಿನ್ ಜೋಡಿಸುವ) ಆಪರೇಷನ್ ಆಯಿತು ಅಂದರೆ, ಮಾತಾಡಿಸೋಕೆ ಬಂದವರು ಮೊದಲು ಮಾಡೋದು ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟೋದು. "ಏನಜ್ಜಾ, ಈಗ ಕೇಳ್ತೈತಾ?" ಪ್ರೀತಿಯಿಂದಲೇ ಕೇಳ್ತಾರೆ, ಗೊತ್ತು. ಆದರೆ ದಯವಿಟ್ಟು ನಿಲ್ಲಿಸಿ. ಚಪ್ಪಾಳೆ ಮೊದಲ ದಿನವೇ ಕೇಳಿಸಬಹುದು. ಮಾತು ತಿಳಿಯೋಕೆ ತಿಂಗಳುಗಟ್ಟಲೆ ಬೇಕು. ದಿನಕ್ಕೆ ಹತ್ತು ಜನ ಹೀಗೆ ಪರೀಕ್ಷೆ ಮಾಡಿದರೆ, ಹದಿನೈದೇ ದಿನಕ್ಕೆ ಅಜ್ಜ ಮಷಿನ್ ತೆಗೆದು ಗೋದ್ರೇಜ್ ಬೀರುವಿನಲ್ಲಿ ಇಡ್ತಾರೆ. ಅಷ್ಟು ದುಡ್ಡು, ಅಷ್ಟು ನೋವು ತಿಂದ ಮೇಲೆ ಮಷಿನ್ ಬೀರು ಸೇರೋದಕ್ಕಿಂತ ಸಂಕಟ ಇನ್ನೊಂದಿಲ್ಲ.

ಒಳಗಿವಿಯ ಬಸವನಹುಳುವಿನಂಥ ಸುರುಳಿಯಲ್ಲಿ ಸುಮಾರು 3,500 ಒಳ ರೋಮಕೋಶಗಳು ಮಾಡಬೇಕಿದ್ದ ಕೆಲಸವನ್ನು ಇಂಪ್ಲಾಂಟಿನಲ್ಲಿ ನರಕ್ಕೆ ಕರೆಂಟ್ ಮುಟ್ಟಿಸುವ 12ರಿಂದ 22 ಎಲೆಕ್ಟ್ರೋಡ್‌ಗಳು ಮಾಡ್ತವೆ. ಎಷ್ಟು ಅನ್ನೋದು ಕಂಪನಿಯ ಮೇಲೆ. ಇಷ್ಟು ಕಡಿಮೆ ಸುಳಿವಿನಲ್ಲಿ ಮಾತನ್ನು ಬಿಡಿಸಿಕೊಳ್ಳೋದನ್ನು ಮೆದುಳು ಹೊಸದಾಗಿ ಕಲೀಬೇಕು. ಆದ್ದರಿಂದ ಶುರುವಿನಲ್ಲಿ ಹೆಂಡತಿಯ ದನಿ, ಮಗನ ದನಿ ಎಲ್ಲ ಒಂದೇ ಥರ, ಇಲಿ ಕೀಚಿದ ಹಾಗೆ, ಇಲ್ಲ ಬೀಪ್ ಬೀಪ್ ಅಂತ ಕೇಳಿಸುತ್ತೆ. ಮಷಿನ್ ಕೆಟ್ಟಿಲ್ಲ. ಆಪರೇಷನ್ ಆಗಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೆ ಸ್ವಿಚ್ ಆನ್ ಮಾಡ್ತಾರೆ. ಅವತ್ತು ಸೌಂಡ್ ಬೇಕಂತಲೇ ಕಮ್ಮಿ ಇಟ್ಟು, ಮೆಲ್ಲಗೆ ಏರುವ ಮೂರ್ನಾಲ್ಕು ಪ್ರೋಗ್ರಾಂ ಹಾಕಿ ಕಳಿಸೋದು ರೂಢಿ. ಒಂದಕ್ಕೆ ಕಿವಿ ಒಗ್ಗಿತು ಅನ್ನಿಸಿದ ಮೇಲೆ ಮುಂದಿನದಕ್ಕೆ ಹೋಗಬೇಕು. "ಜೋರಾಯ್ತು" ಅಂತ ಮೊದಲನೆಯದರಲ್ಲೇ ಕೂತರೆ ಮುಂದಿನ ಸಲ ಸೌಂಡ್ ಹೊಂದಿಸೋಕೆ, ಅಂದರೆ ಮ್ಯಾಪಿಂಗ್‌ಗೆ ಹೋದಾಗ ಮತ್ತೆ ಅಲ್ಲಿಂದಲೇ ಶುರು. ಎಚ್ಚರ ಇರುವಷ್ಟು ಹೊತ್ತೂ ಹಾಕಿರಬೇಕು. ಹೊರಗೆ ಹೋಗುವಾಗ ಮಾತ್ರ ಹಾಕ್ಕೊಂಡರೆ ಮೆದುಳು ಕಲಿಯಲ್ಲ.

ಮನೆಯವರು ಮಾಡಬೇಕಾದ ಕೆಲಸ ಇದೆ. ದಿನಾ ಬೆಳಿಗ್ಗೆ ಆರು ಸದ್ದು: ಮ್, ಊ, ಆ, ಈ, ಶ್, ಸ್. ಮೂರಡಿ ದೂರದಲ್ಲಿ, ಬಾಯಿ ಕಾಣದ ಹಾಗೆ, ಮಾಮೂಲಿ ದನಿಯಲ್ಲಿ, ಕ್ರಮ ತಪ್ಪಿಸಿ ಹೇಳಿ. ಇಂಪ್ಲಾಂಟ್ ಆದವರು ಅದನ್ನೇ ತಿರುಗಿ ಹೇಳಬೇಕು. ಇದೂ ಪರೀಕ್ಷೆಯೇ ಅಲ್ವಾ ಅಂತೀರಿ. ಇದು ಮಷಿನ್‌ಗೆ ಮಾಡುವ ಪರೀಕ್ಷೆ, ಮನುಷ್ಯರಿಗಲ್ಲ. ಮ್, ಊ ಕೆಳಗಿನ ಶ್ರುತಿಯವು, ಶ್, ಸ್ ಮೇಲಿನವು. ನಿನ್ನೆವರೆಗೂ ಸಿಗ್ತಿದ್ದ ಸ್ ಇವತ್ತು ಸಿಗ್ತಿಲ್ಲ ಅಂದರೆ ಮೊದಲು ಮೈಕಿನ ಮೇಲಿನ ಕವರ್ ನೋಡಿ. ನಮ್ಮ ಊರಿನ ಧೂಳು, ಅದರಲ್ಲೂ ಮಂಡಕ್ಕಿ ಭಟ್ಟಿ ಇರುವ ಬೀದಿಯ ಬೂದಿ, ಅದನ್ನು ಬೇಗ ಕಟ್ಟಿಸುತ್ತೆ. ಮೂರು ತಿಂಗಳಿಗೊಮ್ಮೆ ಬದಲಿಸೋದು ಒಳ್ಳೇದು. ಪೂರ್ತಿ ಸದ್ದೇ ನಿಂತರೆ ಗಾಬರಿ ಬೇಡ: ಬ್ಯಾಟರಿ, ಕೇಬಲ್, ಕಾಯಿಲ್ (ಅಯಸ್ಕಾಂತದಿಂದ ತಲೆಗೆ ಅಂಟುವ ಬಿಲ್ಲೆ), ಒಂದೊಂದಾಗಿ ಬದಲಿಸಿ ನೋಡಿ. ಬಹಳ ಸಲ ಕೇಬಲ್ಲೇ ಪಿನ್ ಹತ್ತಿರ ಮುರಿದಿರುತ್ತೆ. ಒಂದು ಹೆಚ್ಚಿನ ಕೇಬಲ್ ಮನೆಯಲ್ಲಿ ಇರಲೇಬೇಕು. ರಿಪೇರಿಗೆ ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಕಲಿತದ್ದು ಹಿಂದೆ ಬೀಳುತ್ತೆ.

ಆಮೇಲೆ ಅರ್ಧ ಗಂಟೆ ಮಾತಿನ ಅಭ್ಯಾಸ. ಹಲ್ಲು, ಹುಲ್ಲು, ಹಲ್ಲಿ ಅಂತ ಸ್ವರ ಬದಲಾಗುವ ಪದಗಳಿಂದ ಶುರು ಮಾಡಿ, ಅವು ಬೇಗ ಸಿಗ್ತವೆ. ಪಾಲು-ಬಾಲು-ಮಾಲು ಕಷ್ಟ, ತುಟಿ ನೋಡಿದರೂ ಮೂರೂ ಒಂದೇ ಥರ ಕಾಣ್ತವೆ. ಅಂಕಿಗಳಲ್ಲಿ ಮೂರು, ನೂರು ತುಂಬಾ ಗೊಂದಲ, ಅಂಗಡಿಯಲ್ಲಿ ಲೆಕ್ಕ ತಪ್ಪೋದು ಇಲ್ಲೇ. ತಿಳಿಯದಿದ್ದರೆ ಅದೇ ಪದ ನಾಲ್ಕು ಸಲ ಕಿರುಚಬೇಡಿ, ವಾಕ್ಯ ಬದಲಿಸಿ ಹೇಳಿ. ಕಿರುಚಿದರೆ ಬಾಯಿಯ ಆಕಾರ ಕೆಡುತ್ತೆ, ಪ್ರೊಸೆಸರ್ (ಹೊರಗೆ ಹಾಕುವ ಮಷಿನ್) ಜೋರು ಸದ್ದನ್ನು ತಾನೇ ಅದುಮುತ್ತೆ, ಲಾಭ ಸೊನ್ನೆ. ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆ ಬಿದ್ದಾಗ ಅವರು ಬೆಚ್ಚಿಬಿದ್ದರೆ "ಅದು ತಟ್ಟೆ" ಅಂತ ಹೇಳಿ. ಸದ್ದಿಗೆ ಹೆಸರು ಸಿಕ್ಕಿದ ಮೇಲೆ ಹೆದರಿಕೆ ಇಳಿಯುತ್ತೆ. ಗ್ರಾನೈಟ್ ನೆಲದ ಹಾಲ್‌ನಲ್ಲಿ ದನಿ ಮಾರ್ದನಿಸುತ್ತೆ, ಒಂದು ಜಮಖಾನ ಹಾಸಿ, ಟಿ.ವಿ. ಆರಿಸಿ.

ಬೆಣ್ಣೆದೋಸೆ ಹೋಟೆಲ್‌ಗೆ ಕರ್ಕೊಂಡು ಹೋಗಿ, ಖಂಡಿತ ಹೋಗಿ. ಆದರೆ ಅಡುಗೆಮನೆಯ ಗಲಾಟೆ ಅವರ ಬೆನ್ನಿಗಿರಲಿ, ಮಾತಾಡುವವರು ಎದುರಿಗಿರಲಿ. ಗದ್ದಲದ ಪ್ರೋಗ್ರಾಂ ಹಾಕಿದಾಗ ಮೈಕು ಎದುರಿನದನ್ನೇ ಹೆಚ್ಚು ಹಿಡಿಯುತ್ತೆ. ಫೋನನ್ನು ಕಿವಿಯ ತೂತಿಗೆ ಹಿಡಿಯೋದು ಬಹಳ ಜನರ ತಪ್ಪು. ಕಿವಿ ಹಿಂದೆ ಹಾಕುವ ಪ್ರೊಸೆಸರ್‌ನಲ್ಲಿ ಮೈಕು ಇರೋದು ಕಿವಿಯ ಮೇಲ್ಭಾಗದಲ್ಲಿ, ಫೋನ್ ಅಲ್ಲಿಗೆ ಬರಬೇಕು. ಚಿತ್ರದುರ್ಗದ ಜೋಗಿಮಟ್ಟಿ ಕಡೆ ಗಾಳಿ ಮೈಕಿಗೆ ಬಡಿದರೆ ಬರೀ ಭೋರ್ ಅನ್ನುತ್ತೆ, ಗಾಳಿಗೆ ಬೆನ್ನು ಮಾಡಿ ನಿಲ್ಲಿ. ಒಂದೇ ಕಿವಿಗೆ ಇಂಪ್ಲಾಂಟ್ ಆದವರಿಗೆ ಸದ್ದು ಯಾವ ಕಡೆಯಿಂದ ಬಂತು ಅನ್ನೋದು ಗೊತ್ತಾಗಲ್ಲ. ಪಿ.ಬಿ. ರಸ್ತೆ ದಾಟುವಾಗ ಹಾರ್ನ್ ನಂಬಬೇಡಿ, ಎರಡೂ ಕಡೆ ಕತ್ತು ತಿರುಗಿಸಿ ನೋಡಲೇಬೇಕು.

ಬೇಸಿಗೆಯ ಬೆವರು ದೊಡ್ಡ ಶತ್ರು. ರಾತ್ರಿ ಮಷಿನ್ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಇರುವ ಡ್ರೈ ಬಾಕ್ಸ್‌ನಲ್ಲಿಡಿ. 675 ಸೈಜಿನ ಝಿಂಕ್-ಏರ್ ಸೆಲ್ ಹಾಕಿದ್ದರೆ ಅದನ್ನು ಹೊರಗೆ ತೆಗೀರಿ, ಡಬ್ಬಿಯಲ್ಲಿ ಸೆಲ್ಲೂ ಒಣಗಿಹೋಗುತ್ತೆ. ಹೊಸ ಸೆಲ್ಲಿನ ಸ್ಟಿಕ್ಕರ್ ಕಿತ್ತ ಮೇಲೆ ಐದು ನಿಮಿಷ ಗಾಳಿಗೆ ಬಿಟ್ಟು ಹಾಕಿ. ಒಮ್ಮೆ ಕಿತ್ತರೆ ಮತ್ತೆ ಅಂಟಿಸಿದರೂ ಮೊದಲಿನಂತೆ ಉಳಿಯಲ್ಲ. ಅಕ್ಕಿ ಡಬ್ಬಿಯಲ್ಲಿ ಮಷಿನ್ ಹೂತಿಡುವ ಉಪಾಯ ಬೇಡ, ಅಕ್ಕಿಯ ಪುಡಿ ಮೈಕಿಗೆ ಸೇರುತ್ತೆ. ಬೈಕಿನ ಡಿಕ್ಕಿಯಲ್ಲೂ ಇಡಬೇಡಿ.

ಕಾಯಿಲ್ ಕೂರುವ ಜಾಗದ ಚರ್ಮ ರಾತ್ರಿ ಮುಟ್ಟಿ ನೋಡಿ. ಕೆಂಪಾಗಿದ್ದರೆ, ನೋವಿದ್ದರೆ ಅಯಸ್ಕಾಂತ ಬಿಗಿ ಜಾಸ್ತಿ ಇರಬಹುದು. ಆಪರೇಷನ್ನಿನ ಊತ ಇಳಿದ ಮೇಲೆ ಹೀಗಾಗೋದು ಮಾಮೂಲು. ಕಮ್ಮಿ ಬಲದ್ದನ್ನು ಹಾಕಿಸಿ. ಜ್ವರದ ಜೊತೆ ಕಿವಿನೋವು ಬಂದರೆ, ತಲೆಗೆ ಪೆಟ್ಟು ಬಿದ್ದರೆ ಕಾಯಬಾರದು, ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಮೆದುಳು ಪೊರೆಯ ಸೋಂಕಿನ ಅಪಾಯ ಇವರಿಗೆ ಸ್ವಲ್ಪ ಹೆಚ್ಚು, ನ್ಯುಮೋಕಾಕಲ್ ಲಸಿಕೆ ಆಗಿದೆಯಾ ನೋಡಿಕೊಳ್ಳಿ. ಕತ್ತುನೋವು ಅಂತ ಫಿಸಿಯೋಥೆರಪಿಗೆ ಹೋದರೆ ಮೊದಲೇ ಹೇಳಿ, ತಲೆ-ಕತ್ತಿನ ಭಾಗಕ್ಕೆ ಡಯಾಥರ್ಮಿ (ವಿದ್ಯುತ್ ತರಂಗದ ಶಾಖ) ಕೊಡಲೇಬಾರದು. ಎಂ.ಆರ್.ಐ. ಅಂದರೆ ಇಂಪ್ಲಾಂಟ್ ಕಾರ್ಡ್ ತೋರಿಸದೆ ಆ ಕೋಣೆಗೆ ಕಾಲಿಡಬೇಡಿ. ಕಾರ್ಡ್ ಬೀರುವಿನಲ್ಲಿದ್ದರೆ ಪ್ರಯೋಜನವಿಲ್ಲ, ಪರ್ಸಿನಲ್ಲಿರಲಿ.

ಮಕ್ಕಳಿಗೆ ಕೇಂದ್ರದ ಅಡಿಪ್ ಯೋಜನೆಯಲ್ಲಿ (ಅಂಗವಿಕಲರಿಗೆ ಸಾಧನ ಕೊಡಿಸುವ ಯೋಜನೆ) ಇಂಪ್ಲಾಂಟಿಗೆ ನೆರವಿದೆ. ಆದರೆ ಕೇಬಲ್, ಕಾಯಿಲ್, ಬ್ಯಾಟರಿ ವರ್ಷಾ ವರ್ಷ ಬೇಕು, ಕೆಲವು ವರ್ಷಕ್ಕೆ ಪ್ರೊಸೆಸರೇ ಹಳತಾಗುತ್ತೆ. ಈ ಲೆಕ್ಕ ಆಪರೇಷನ್‌ಗೆ ಮುಂಚೆಯೇ ಮನೆಯವರ ಮುಂದೆ ಇರಬೇಕು, ಹೇಳೋದು ಆಸ್ಪತ್ರೆಯ ಹೊಣೆ ಅಂತಲೇ ನನ್ನ ಅಭಿಪ್ರಾಯ.

ಮೊದಲ ವರ್ಷ ಮ್ಯಾಪಿಂಗ್‌ಗೆ ಹಲವು ಸಲ ಹೋಗಬೇಕಾಗುತ್ತೆ. ಒಂದು ನೋಟ್‌ಬುಕ್ ಇಡಿ. ದಾವಣಗೆರೆಯಿಂದ ಬೆಂಗಳೂರಿಗೆ 260 ಕಿಲೋಮೀಟರ್ ಹೋಗಿ "ಸರಿಯಾಗಿ ಕೇಳಲ್ಲ ಮೇಡಂ" ಅಂದರೆ ಕಿವಿ ಪರೀಕ್ಷಿಸಿ ಮಷಿನ್ ಹೊಂದಿಸುವ ಆಡಿಯಾಲಜಿಸ್ಟ್‌ಗೆ ಹಿಡಿಯೋಕೆ ಏನೂ ಸಿಗಲ್ಲ. "ಸಾರು ಅಂದರೆ ಆರು ಅಂತ ಕೇಳುತ್ತೆ, ಕುಕ್ಕರ್ ಸೀಟಿಗೆ ಕಣ್ಣು ಅದುರುತ್ತೆ" ಅಂತ ಬರೆದುಕೊಂಡು ಹೋದರೆ, ಯಾವ ಎಲೆಕ್ಟ್ರೋಡ್ ಏರಿಸಬೇಕು, ಯಾವುದು ಇಳಿಸಬೇಕು ಅಂತ ಅವರು ಕೂತಲ್ಲೇ ಹುಡುಕ್ತಾರೆ.