ಸತ್ಯಾಂಶ: ಅಂಜೂರದ ಕಡ್ಡಿ ಬೇರು ಬಿಡಲು ಆಲೂಗಡ್ಡೆ ಬೇಕಿಲ್ಲ

ಅಂಜೂರದ ಕಡ್ಡಿಯನ್ನು ಆಲೂಗಡ್ಡೆಗೆ ಚುಚ್ಚಿ ನೆಟ್ಟರೆ ವಾರದಲ್ಲೇ ಬೇರು ಬರುತ್ತದೆ ಎಂಬ ವಿಡಿಯೊ ಪದೇ ಪದೇ ಫಾರ್ವರ್ಡ್ ಆಗುತ್ತಿರುತ್ತದೆ. ಜನ ನಂಬುವುದು ಸಹಜ. ಹಾಗೆ ನೆಟ್ಟವುಗಳಲ್ಲಿ ಕೆಲವು ನಿಜಕ್ಕೂ ಬದುಕುತ್ತವೆ. ಆದರೆ ಅದರಲ್ಲಿ ಆಲೂಗಡ್ಡೆಯ ಪಾಲೇನೂ ಇಲ್ಲ. ಬೇರಿಗೆ ಬೇಕಾದ ಪಿಷ್ಟ ಕಡ್ಡಿಯೊಳಗೇ ಇರುತ್ತದೆ, ಅಂಜೂರವಂತೂ ಸುಲಭವಾಗಿ ಬೇರು ಬಿಡುವ ಗಿಡ. ಬದಲಿಗೆ, ಗಡ್ಡೆ ಕೊಳೆತರೆ ಕಡ್ಡಿಯ ಬುಡವೂ ಕಪ್ಪಾಗಿ ಮೆತ್ತಗಾಗಬಹುದು. ಅಪರೂಪದ ತಳಿಯ ಒಂದೇ ಕಡ್ಡಿ ಸಿಕ್ಕಿದಾಗ ಆ ಅಪಾಯ ಯಾಕೆ?

ನೀವೇ ಪರೀಕ್ಷಿಸಬಹುದು. ಸಾಮಾನ್ಯ ತಳಿಯ ಒಂದೇ ಗಿಡದಿಂದ, ಎಲೆ ಉದುರಿದ ಕಾಲದಲ್ಲಿ, ಪೆನ್ಸಿಲ್ ದಪ್ಪದ 6 ಕಡ್ಡಿ ತೆಗೆಯಿರಿ. ಉದ್ದ 15–20 ಸೆಂ.ಮೀ., 3–4 ಗಿಣ್ಣು. ಬುಡದ ಕೊಯ್ತ ಗಿಣ್ಣಿನ ಸ್ವಲ್ಪ ಕೆಳಗೆ. ಮೂರಕ್ಕೆ ಆಲೂಗಡ್ಡೆ, ಮೂರಕ್ಕೆ ಬೇಡ. ಉಳಿದದ್ದೆಲ್ಲ ಒಂದೇ ಥರ ಇರಲಿ: ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಪರ್ಲೈಟ್ (ಹಗುರವಾದ ಬಿಳಿ ಹರಳು) ಸಮಪಾಲು ಬೆರೆಸಿದ ಮಿಶ್ರಣ, ತಳಕ್ಕೆ ತೂತಿರುವ ಪಾರದರ್ಶಕ ಲೋಟ, 20–25 ಡಿಗ್ರಿ ಸೆಲ್ಸಿಯಸ್, ನೇರ ಬಿಸಿಲಿಲ್ಲದ ಜಾಗ. ಮಿಶ್ರಣವನ್ನು ಹಿಂಡಿದರೆ ಒಂದೆರಡು ಹನಿಗಿಂತ ಹೆಚ್ಚು ನೀರು ಬರಬಾರದು. ಹೆಚ್ಚಿನ ಕಡ್ಡಿಗಳು ಸಾಯುವುದು ನೀರು ಸಾಲದೆ ಅಲ್ಲ, ಜಾಸ್ತಿಯಾಗಿ.

ಚಿಗುರು ಕಂಡ ಕೂಡಲೇ ಬೇರು ಬಂತು ಅಂದುಕೊಳ್ಳಬೇಡಿ. ಕಡ್ಡಿ ತನ್ನ ದಾಸ್ತಾನಿನಿಂದಲೇ ಎಲೆ ಬಿಡುತ್ತದೆ. ಸಾಮಾನ್ಯವಾಗಿ 3–6 ವಾರದಲ್ಲಿ ಲೋಟದ ಗೋಡೆಗೆ ಬಿಳಿ ಬೇರು ತಾಗಿ ಕಾಣುತ್ತದೆ. ಆಗ ಎರಡೂ ಗುಂಪು ಹೋಲಿಸಿ. ವಿಡಿಯೊದಲ್ಲೂ ಇದನ್ನೇ ಹುಡುಕಿ: ಆಲೂಗಡ್ಡೆ ಇಲ್ಲದ ಕಡ್ಡಿಯನ್ನು ಜೊತೆಗೆ ತೋರಿಸಿದ್ದಾರೆಯೇ?

ಕಡ್ಡಿ ಹಂಚುವ ಮುನ್ನ ತಾಯಿಗಿಡದ ಎಲೆ ನೋಡಿ. ಹಳದಿ ಮಚ್ಚೆಯ ಮೊಸಾಯಿಕ್ ರೋಗ ಕಡ್ಡಿಯ ಜೊತೆಗೇ ಹೋಗುತ್ತದೆ.